ಪಟ್ಟೇದಾರ ಪಳಂಗಪ್ಪ

ನಾಪೋಕ್ಲಿನ ರೈತ ಸಂಪರ್ಕ ಕೇಂದ್ರದ ಗೋಡೆಗೆ
ಮೂವತ್ತೇಳು ಯೋಜನೆಗಳ ಪಟ್ಟಿ ಅಂಟಿಸಿದ್ದಾರೆ.
ಇಪ್ಪತ್ತನೆಯದರ ಮೇಲೆ ಹಲ್ಲಿ ಕೂತಿತ್ತು, ಓದಲಾಗಲಿಲ್ಲ.
ಮಿಕ್ಕವನ್ನು ಬೆರಳಿಟ್ಟು ಓದಿದೆ:
ತುಂತುರು ನೀರಾವರಿ, ಎರೆಗೊಬ್ಬರದ ತೊಟ್ಟಿ,
ಟಾರ್ಪಾಲು, ಕಳೆ ಕೊಚ್ಚುವ ಯಂತ್ರ.
ನನಗೆ ಬೇಕಾದದ್ದು ಇದ್ಯಾವುದೂ ಅಲ್ಲ.
ಗದ್ದೆ ಗದ್ದೆಯಾಗಿಯೇ ಇರಲಿ ಅಂತ
ಯಾರಾದರೂ ಕಾಸು ಕೊಡುತ್ತಾರಾ ಸಾರ್?

ಕೇಳಿದ್ದು ಶರಣಬಸವ ಅವರನ್ನು.
ಸಿಂದಗಿ ಕಡೆಯವರು, ಬಂದು ಎಂಟು ತಿಂಗಳು,
ಕುರ್ಚಿಯ ಬೆನ್ನಿಗೆ ಇನ್ನೂ ಒಣಗದ ರೈನ್‌ಕೋಟು.
"ಅಂದ್ರ, ಏನೂ ಮಾಡಂಗಿಲ್ಲ ಅನ್ನಾಕ ರೊಕ್ಕ ಕೇಳತೀರೇನ್ರೀ?"

ಅಲ್ಲ ಸಾರ್, ಮಾಡುವುದು ಬಹಳ ಇದೆ.
ಏಡಿ ಕೊರೆದ ಬದುವಿಗೆ ವರ್ಷಾ ವರ್ಷಾ ಮಣ್ಣು ಮೆತ್ತಬೇಕು,
ಮೇಲಿನ ಒರತೆಯ ಬಾಯಿ ಬಿಡಿಸಬೇಕು,
ನಾಟಿಗೆ ಆಳು, ಆನೆಗೆ ಪಟಾಕಿ.
ಪಕ್ಕದವರು ಶುಂಠಿ ಹಾಕಿದರು,
ಅವರ ಪಕ್ಕದವರು ಮಣ್ಣು ತುಂಬಿಸಿ ಹೋಂಸ್ಟೇ.
ನನ್ನ ಮೂರು ಎಕರೆಯಲ್ಲಿ ನೀರು ನಿಂತರೆ
ಕೆಳಗಿನ ಹದಿನಾಲ್ಕು ಬಾವಿಗೆ ಮಾರ್ಚಿನಲ್ಲೂ ನೀರು.
ಇದು ಯಾವ ಕಾಲಮ್ಮಿನಲ್ಲಿ ಬರುತ್ತದೆ, ಹೇಳಿ.

"ಹದಿನಾಲ್ಕು ಬಾವಿ," ಅಂದರು, ಒಂದೊಂದಾಗಿ ಎಣಿಸಿದವರ ಹಾಗೆ.
ಕಪಾಟಿನ ತಳದಿಂದ ಸುತ್ತೋಲೆಯೊಂದನ್ನು ಎಳೆದರು.
ತೇವಕ್ಕೆ ಅಂಟಿಕೊಂಡ ಹಾಳೆಗಳನ್ನು
ಬಿಸಿ ರೊಟ್ಟಿ ಬಿಡಿಸುವಂತೆ ಬಿಡಿಸಿದರು.
ಇತ್ತು.
ಪಾಳು ಬಿಡದ ಗದ್ದೆಗೆ ಎಕರೆಗೆ ಇಷ್ಟು,
ಒರತೆ ಕಾಪಾಡಿದರೆ ಇನ್ನಿಷ್ಟು.
ಈ ಹೋಬಳಿಯಿಂದ ಇದುವರೆಗೆ ಬಂದ ಅರ್ಜಿ: ಸೊನ್ನೆ.

"ಪಹಣಿ ಯಾರ ಹೆಸರಿಗೈತಿ?"
ಬಂತಲ್ಲ.
ಜಮ್ಮಾ ಸಾರ್. ಪಟ್ಟೇದಾರ ಪಳಂಗಪ್ಪ.
"ಅವರನ್ನ ಕರಕೊಂಡು ಬರ್ರಿ."
ನನ್ನ ಗಂಡನ ಮುತ್ತಜ್ಜ. ಹೋಗಿ ತೊಂಬತ್ತು ವರ್ಷ.
ಕಂಪ್ಯೂಟರಿಗೆ ಅದು ಗೊತ್ತಿಲ್ಲ.
ಹಾಗಾದರೆ ಹನ್ನೊಂದು ಪಾಲುದಾರರ ಸಹಿ ತನ್ನಿ, ಎಂದಿತು.

ಹನ್ನೊಂದು ಜನ ಒಂದೇ ಅಂಗಳದಲ್ಲಿ ಸಿಗುವುದೆಂದು?
ಮದುವೆಗೆ ಅರ್ಧ ಬರುವುದಿಲ್ಲ, ಹಳೆಯ ಸಿಟ್ಟು.
ಸಾವಿಗೆ ಎಲ್ಲರೂ ಬರುತ್ತಾರೆ.
ದೇಚವ್ವತ್ತೆಯ ಮಾದದ ದಿನ
ಬಿಳಿ ಸೀರೆಯ ಸೆರಗಿನಡಿ ಅರ್ಜಿ ಇಟ್ಟುಕೊಂಡು ಹೋದೆ.
ನಾಚಿಕೆಯಾಯಿತು. ಆದರೂ ಹೋದೆ.
ಊಟದ ಸಾಲಿನಲ್ಲಿ ಮೂರು ಸಹಿ,
ಕೈ ತೊಳೆಯುವಲ್ಲಿ ನಾಲ್ಕು,
ಜೀಪು ಸ್ಟಾರ್ಟಾಗುವ ಮೊದಲು ಓಡಿ ಎರಡು.
ಉತ್ತಯ್ಯ ಮಾವ ಮಾತ್ರ ಕನ್ನಡಕ ತರಿಸಿದರು.
"ಗದ್ದೆ ನಿನ್ನದು ಅಂತ ಬರೆದಿದೆಯಾ ಇದರಲ್ಲಿ?"
ಇಲ್ಲ ಮಾವ, ನೀರು ನಿಲ್ಲುತ್ತದೆ ಅಂತ ಬರೆದಿದೆ.
ಹಾಳೆ ತಿರುಗಿಸಿದರು, ಹಿಂದೆ ಖಾಲಿ.
ಕಾಗದ ತೂತಾಗುವಷ್ಟು ಒತ್ತಿ ಸಹಿ ಹಾಕಿದರು.

ಹನ್ನೊಂದನೆಯವರು ದೇಚವ್ವತ್ತೆ.
ಹದಿನೈದು ದಿನ ಮೊದಲು ಕೇಳಿದ್ದರೆ ಹಾಕುತ್ತಿದ್ದರು,
ಗದ್ದೆಯ ಏಡಿ ಸಾರು ಅಂದರೆ ಅವರಿಗೆ ಜೀವ.

ಮರಣ ಪತ್ರ ಲಗತ್ತಿಸಿದರಾಯಿತು, ಎಂದರು ಶರಣಬಸವ.
ಫೋಟೋ ತೆಗೆಯಲು ತಾವೇ ಬಂದರು.
ಅಕ್ಷಾಂಶ ರೇಖಾಂಶ ಮೂಡಬೇಕಂತೆ ಚಿತ್ರದ ಮೂಲೆಯಲ್ಲಿ.
ಸಿಗ್ನಲ್ ಹುಡುಕುತ್ತ ಬದುವಿಂದ ಬದುವಿಗೆ ನಡೆದು
ಒಂದು ಕಾಲು ಮೊಣಕಾಲವರೆಗೆ ಹೂತುಹೋಯಿತು.
ಅಲ್ಲೇ ಸಿಕ್ಕಿತು ಸಿಗ್ನಲ್.
"ಯವ್ವಾ, ಎಷ್ಟ ಆಳ ಐತ್ರೀ ಇದು!" ಅಂದರು.
ಕಾಲು ತೆಗೆಯಲು ಅವಸರ ಮಾಡಲಿಲ್ಲ.
ಫೋಟೋದಲ್ಲಿ ಒಂದು ಕೊಕ್ಕರೆ, ನನ್ನ ನೆರಳು,
ಅಂಚಿನಲ್ಲಿ ಅವರ ಒಂಟಿ ಚಪ್ಪಲಿ.

ನಿನ್ನೆ ನನ್ನ ಫೋನಿಗೆ ಸಂದೇಶ:
ಮಾನ್ಯ ರೈತರಾದ ಪಳಂಗಪ್ಪ ಅವರೇ,
ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ.

ಕೈಮಡದಲ್ಲಿ ದೀಪ ಹಚ್ಚಿ ಗಟ್ಟಿಯಾಗಿ ಓದಿದೆ,
ಎರಡು ಸಲ. ಅವರ ಹೆಸರಿಗೆ ಬಂದದ್ದು,
ಅವರಿಗೂ ಗೊತ್ತಿರಲಿ.
ಒರತೆ ಬಿಡಿಸಲು ನಾಳೆ ಇಬ್ಬರು ಬರುತ್ತಾರೆ.
ಕೂಲಿ ಸದ್ಯಕ್ಕೆ ನನ್ನ ಕೈಯಿಂದ.