ನಾಲ್ಕು ಡಿಗ್ರಿ ಮೇಲೆ

ನಕ್ಷೆ ಬಂದದ್ದು ಇಂಚಿನಲ್ಲಿ.
ಪೀಣ್ಯ ಎರಡನೇ ಹಂತ, ಟ್ರಾನ್ಸ್‌ಫಾರ್ಮರ್ ಪಕ್ಕದ ಶೆಡ್ಡು,
ಎಣ್ಣೆಗೈಯಲ್ಲಿ ಬಿಚ್ಚಿದೆವು:
ಎರಡಡಿ ಅಗಲ, ನಾಲ್ಕಡಿ ಉದ್ದ, ಎಂಟಿಂಚು ಗೋಡೆ,
ಒಳಗೆ ಮೂರು ತಡಿಕೆ,
ಒಂದು ಎಡಕ್ಕೆ ಬಾಯಿಬಿಟ್ಟದ್ದು, ಒಂದು ಬಲಕ್ಕೆ, ಮತ್ತೆ ಎಡಕ್ಕೆ.
"ಏನ್ ಸಾರ್ ಇದು, ಬಾತುಕೋಳಿಗೆ ಈಜುಕೊಳವಾ?"
ಅಂದಳು ಸಗಾಯಮೇರಿ, ವೆಲ್ಡಿಂಗ್ ಮುಖವಾಡ ಹಣೆಗೇರಿಸಿ.

ಮರದ ನೀರು ಕುದಿಸೋ ತಟ್ಟೆ, ಅಂದೆ.
ಯಾವ ಮರ?
ಮೇಪಲ್.
ನೋಡಿದೀರಾ?
ಬಾವುಟದ ಮೇಲೆ. ಎಲೆ ಮಾತ್ರ.

ನಲವತ್ತು ಕೊಡ ನೀರಿಗೆ ಒಂದು ಕೊಡ ಪಾಕವಂತೆ.
ಮಿಕ್ಕ ಮೂವತ್ತೊಂಬತ್ತು ಹೋಗಬೇಕು, ಅಷ್ಟೆ.
ಇಪ್ಪತ್ತಾರು ವರ್ಷ ನಾನು ಗೆರೆ ಎಳೆದದ್ದೆಲ್ಲ
ಹಿಡಿದಿಡುವ ಪಾತ್ರೆಗೆ: ಟ್ಯಾಂಕು, ಡಬ್ಬ, ಹಾಲಿನ ಕ್ಯಾನು.
ಕಳೆದುಕೊಳ್ಳಲೆಂದೇ ಅಗಲವಾಗುವ ಪಾತ್ರೆ
ಇದೇ ಮೊದಲು.

ಕಾಳಾಚಾರಿ ಬಗ್ಗಿಸುವ ಯಂತ್ರ ನಿಲ್ಲಿಸಿ ಬಂದ.
ಅವನ ತಾತ ಮದ್ದೂರಿನ ಕಡೆ ಕೊಪ್ಪರಿಗೆಗಳಿಗೆ ತಳ ಹಾಕಿದವನು.
"ಬೆಲ್ಲಕ್ಕೆ ಗುಂಡು ತಳ ಬೇಕು ಸ್ವಾಮಿ,
ಹುಟ್ಟು ಆಡಬೇಕು, ಎಲ್ಲೂ ಸೀಯಬಾರದು.
ಇದೇನು, ಬರೀ ಮೂಲೆ?"
ಇಲ್ಲಿ ಕಲಕುವವರೇ ಇಲ್ಲ, ಅಂದೆ.
ಹಿಂದಿನಿಂದ ಬಂದ ಹೊಸನೀರು
ಮುಂದಿನದನ್ನು ತಳ್ಳುತ್ತದೆ,
ಓಣಿಯಿಂದ ಓಣಿಗೆ ತಿರುಗಿ, ಬೆಂದು, ಕಪ್ಪಿಟ್ಟು,
ಕೊನೇ ನಲ್ಲಿಗೆ ಬರುವಷ್ಟರಲ್ಲಿ ಪಾಕ.
ಹಿಂದಕ್ಕೆ ಮಾತ್ರ ಬೆರೆಯುವಂತಿಲ್ಲ.
ಅವನು ಗಡ್ಡ ಕೆರೆದುಕೊಂಡ.
"ಗೊರಗುಂಟೆಪಾಳ್ಯದ ಸಿಗ್ನಲ್ಲು ಅನ್ನಿ.
ಒಳಗೆ ಬಿದ್ದ ಮೇಲೆ ವಾಪಸ್ ತಿರುಗೋ ಹಾಗಿಲ್ಲ."

ಮೊದಲನೆಯದು ವೆಲ್ಡಿಂಗ್ ಬಿಸಿಗೆ ಹೊಟ್ಟೆ ಉಬ್ಬಿಸಿಕೊಂಡಿತು,
ನಟ್ಟನಡುವೆ ಅರ್ಧ ಇಂಚು.
ಎರಡು ಬೆರಳು ಆಳದ ರಸಕ್ಕೆ
ಅರ್ಧ ಇಂಚೆಂದರೆ ಗುಡ್ಡ; ನೆತ್ತಿ ಬತ್ತಿ ಸೀದುಹೋಗುತ್ತದೆ.
ಸಗಾಯಮೇರಿ ಮಾತಾಡಲಿಲ್ಲ, ಮಧ್ಯಾಹ್ನ ಊಟ ಮಾಡಲಿಲ್ಲ.
ಆ ತಟ್ಟೆ ಈಗ ಗೇಟಿನಾಚೆ ಇದೆ,
ಬೀದಿನಾಯಿಗಳು ನೀರು ಕುಡಿಯುತ್ತವೆ,
ಒಂದೊಂದಕ್ಕೆ ಒಂದೊಂದು ಓಣಿ.

ಎರಡನೆಯದಕ್ಕೆ ಅವಳು
ಹೆಬ್ಬೆಟ್ಟಿನಷ್ಟು ಬೆಸೆದು, ಬಿಟ್ಟು, ಆಚೆ ತುದಿಗೆ ಹೋಗಿ,
ಮತ್ತೆ ಹೆಬ್ಬೆಟ್ಟಿನಷ್ಟು.
ಮೂರು ದಿನ.
ರಸಮಟ್ಟದ ಗುಳ್ಳೆ ನಡುವೆ ನಿಂತು ಅಲುಗಲಿಲ್ಲ.

ಶನಿವಾರ ಪರೀಕ್ಷೆ. ಮರದ ನೀರೆಲ್ಲಿ ತರುವುದು?
ಜಬೀವುಲ್ಲಾನ ಗಾಡಿಯಿಂದ ಕಬ್ಬಿನ ಹಾಲು, ನಲವತ್ತು ಲೀಟರು,
"ಶುಂಠಿ ಬೇಡ, ನಿಂಬೆ ಬೇಡ, ಐಸಂತೂ ಬೇಡವೇ ಬೇಡ"
ಅಂದರೆ ಅವನು ನಮ್ಮ ಮುಖ ನೋಡಿದ.

ಅದಕ್ಕೂ ಮುಂಚೆ ಬರೀ ನೀರು.
ಮಳ್ಳಿ ಮಳ್ಳಿ ಕುದಿಯುತ್ತಿದೆ, ಮುಳ್ಳು ತೊಂಬತ್ತೇಳಕ್ಕೇ ನಿಂತಿದೆ.
"ಕೆಟ್ಟಿದೆ ಸಾರ್. ನೂರಲ್ವಾ?"
ಕೆಟ್ಟಿಲ್ಲ ಮೇರಿ.
ಮೂರು ಸಾವಿರ ಅಡಿ ಎತ್ತರದ ಊರು,
ಇಲ್ಲಿ ನೀರು ಬೇಗ ಏಳುತ್ತದೆ.
ಕಾಗದದಲ್ಲೂ ಅದನ್ನೇ ಬರೆದಿದ್ದಾರೆ:
ಅಂಕಿ ನಂಬಬೇಡಿ. ನಿಮ್ಮ ನೀರು ಎಲ್ಲಿ ಕುದಿಯುತ್ತದೋ
ಅಲ್ಲಿಂದ ನಾಲ್ಕು ಡಿಗ್ರಿ ಮೇಲೆ, ಪಾಕ.
ಅವಳು ಬೆರಳು ಮಡಿಸಿದಳು: ನೂರಾ ಒಂದು.

ನೊರೆ ಗೋಡೆಯ ತುದಿ ಮುಟ್ಟಿತು.
ಒಂದು ಚೂರು ಬೆಣ್ಣೆ, ಎನ್ನುತ್ತಿತ್ತು ಕಾಗದ.
ಕಾಳಾಚಾರಿ ಕೇಳಲಿಲ್ಲ,
ಹರಳೆಣ್ಣೆಯಲ್ಲಿ ಬೆರಳದ್ದಿ ಚಿಮುಕಿಸಿದ, ನೊರೆ ಕೂತಿತು,
ಅವನ ತಾತ ನಕ್ಕಿರಬೇಕು.

ನೂರಾ ಒಂದಕ್ಕೆ ನಲ್ಲಿ ತಿರುಗಿಸಿದೆವು.
ಸ್ಟೀಲ್ ಸ್ಕೇಲಿನ ತುದಿಯಲ್ಲಿ ನೆಕ್ಕಿದೆವು ಮೂವರೂ.
ಬೆಲ್ಲವೂ ಅಲ್ಲ, ಜೇನೂ ಅಲ್ಲ.
ಉಳಿದದ್ದು ಅವಳ ಟಿಫಿನ್ ಡಬ್ಬಿಗೆ.
ಹೋದದ್ದು ಎಲ್ಲೂ ಹೋಗಿರಲಿಲ್ಲ,
ತಗಡಿನ ಚಾವಣಿಗೆ ಅಂಟಿಕೊಂಡು
ಒಂದೊಂದೇ ಹನಿ ನಮ್ಮ ಕತ್ತಿನ ಮೇಲೆ.

ಪೆಟ್ಟಿಗೆಗೆ ಮೊಳೆ ಹೊಡೆಯುವ ಮುನ್ನ
ತಟ್ಟೆ ಬೋರಲು ಹಾಕಿ, ತಳಕ್ಕೆ, ಬೆಂಕಿ ಮುಟ್ಟುವ ಕಡೆ,
ಪೆನ್ಸಿಲಿನಲ್ಲಿ ಬರೆದೆ, ೯೭.
ಅಲ್ಲಿ ಯಾರಿಗೂ ಓದಲು ಬರುವುದಿಲ್ಲ.
ಮೊದಲ ಉರಿಗೇ ಅಳಿದೂ ಹೋಗುತ್ತದೆ.