ಎಷ್ಟು ಕಾದಿದ್ದೀಯ

ಬ್ಯಾಟರಿ ಇಲ್ಲ. ತಂತಿ ಇಲ್ಲ.
ಉಗುರಿನಗಲದ ಬೆಣಚುಕಲ್ಲಿನ ಬಿಲ್ಲೆ,
ಮೇಲೆ ಕೂದಲಿಗಿಂತ ಸಣ್ಣ ಗೆರೆಗಳು,
ಬಾಚಣಿಗೆಯ ಹಲ್ಲಿನ ಹಾಗೆ.
ತಾನಾಗಿ ಮಾತಾಡುವುದಿಲ್ಲ.
ಕೇಳಿದರೆ, ಕೇಳಿದವರ ಉಸಿರಿನಲ್ಲೇ ಉತ್ತರ.

ಐನಿ ಪಾಲೊಸಾರಿ ಅದನ್ನು
ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು
ಕ್ಯುಮಿ ನದಿ ದಂಡೆಯ ಕಾಗದದ ಕಾರ್ಖಾನೆಗೆ ಬಂದಾಗ
ಫೆಬ್ರವರಿ. ಹೊರಗೆ ಉಗುಳಿದ್ದೂ ಗಟ್ಟಿಯಾಗುವ ಚಳಿ.
ಒಳಗೆ ಐವತ್ತೆರಡು ಉರುಳೆ,
ಆಳೆತ್ತರದ ಉಕ್ಕು, ಹೊಟ್ಟೆ ತುಂಬ ಹಬೆ,
ಹಸಿ ಕಾಗದವನ್ನು ಒಂದರಿಂದೊಂದಕ್ಕೆ ದಾಟಿಸುತ್ತವೆ
ಬಾಣಂತಿ ಮನೆಯಲ್ಲಿ ಕೂಸನ್ನು
ಕೈಯಿಂದ ಕೈಗೆ ದಾಟಿಸುವ ನೆಂಟರ ಹಾಗೆ.

ಹೋದ ವರ್ಷ ಮೂವತ್ತೊಂದನೆಯದರ ಬೇರಿಂಗು
ಯಾರಿಗೂ ಹೇಳದೆ ಕಾದು, ಕೆಂಪಾಗಿ,
ಅರ್ಧ ಛಾವಣಿ ಸುಟ್ಟಿತ್ತು.
ತಿರುಗುವುದಕ್ಕೆ ತಂತಿ ಕಟ್ಟುವುದೆಲ್ಲಿ?
ಆ ಬಿಸಿಯಲ್ಲಿ ಬ್ಯಾಟರಿ ಬಾಳುವುದೆಷ್ಟು ದಿನ?

ಬಿಲ್ಲೆ ಅಂಟಿಸಿದಳು. ಆಂಟೆನಾ ಹಿಡಿದು ಕೇಳಿದಳು:
ಎಷ್ಟು ಕಾದಿದ್ದೀಯ?
ಉತ್ತರ ಕೊಟ್ಟದ್ದು ತಗಡಿನ ಗೋಡೆ,
ಕ್ರೇನಿನ ಕೊಕ್ಕೆ, ಕಬ್ಬಿಣದ ಏಣಿ,
ವಿಲ್ಯಾಮಿಯ ಊಟದ ಡಬ್ಬಿ ಕೂಡ.
ಎಲ್ಲವೂ ಒಟ್ಟಿಗೇ, ಅವಳ ಪ್ರಶ್ನೆಯನ್ನೇ
ಅವಳ ಮುಖಕ್ಕೆ ಎಸೆದವು.
ದನಿ ಏರಿಸಿದಳು. ಗೋಡೆಯೂ ಏರಿಸಿತು.
ಹನ್ನೊಂದು ದಿನ.

ವಿಲ್ಯಾಮಿ ಆ ಯಂತ್ರದ ಪಕ್ಕ ಇಪ್ಪತ್ತೇಳು ವರ್ಷ ನಿಂತವನು.
ಕಾಫಿ ಬೇಕೇ ಅಂದರೆ
ಲೋಟ ನೋಡಿ, ಕಿಟಕಿ ನೋಡಿ,
ನೀವು ಬೇರೆ ಕೆಲಸಕ್ಕೆ ತಿರುಗಿದ ಮೇಲೆ
ಹೂಂ ಅನ್ನುವವನು.
ಹನ್ನೆರಡನೆಯ ದಿನ, ಸುಮ್ಮನೆ, ಕೇಳಿದಳು:
ಮೂವತ್ತೊಂದು ಉರಿದಾಗ ನೀನಿದ್ದೆಯಾ?
ಫ್ಯಾನು ಸುತ್ತಿತು. ಯಾರೋ ದೂರದಲ್ಲಿ ಬಾಗಿಲು ಹಾಕಿದರು.
ಅವಳು ಕೈಚೀಲದ ಜಿಪ್ಪು ಎಳೆಯುತ್ತಿದ್ದಳು.

"ಇದ್ದೆ. ವಾಸನೆ ಮೊದಲೇ ಬಂದಿತ್ತು.
ಫೋರ್‌ಮನ್ ಬಂದು, ಎಲ್ಲ ಸರಿಯಾ ಅಂತ ಕೇಳಿದ.
ನಾನು ಬಾಯಿ ತೆರೆಯುವಷ್ಟರಲ್ಲಿ
ಅವನು ಮೂವತ್ತೆಂಟರ ಹತ್ತಿರ ಇದ್ದ."

ಜಿಪ್ಪು ಅರ್ಧಕ್ಕೇ ನಿಂತಿತು.

ಟಾಂಪೆರೆಗೆ ಮರಳಿ ಹೊಸ ಬಿಲ್ಲೆ ಕೆತ್ತಿದಳು, ಗೆರೆಗಳನ್ನು ದೂರ ಸರಿಸಿ.
ಬೆಳಕಿನ ಓಟದಲ್ಲಿ ಬಂದ ಪ್ರಶ್ನೆ
ಕಲ್ಲಿನ ಮೈಮೇಲೆ ಸದ್ದಾಗಿ ಇಳಿದು,
ಹುಳುವಿನಂತೆ ತೆವಳಿ, ಗೆರೆ ಮುಟ್ಟಿ, ತಿರುಗಿ ಬರುವುದರೊಳಗೆ
ಗೋಡೆ, ಕೊಕ್ಕೆ, ಡಬ್ಬಿ
ಎಲ್ಲ ಒದರಿ ಮುಗಿಸಿರಬೇಕು.
ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ
ಅದರಲ್ಲಿ ಮೂರು ಪಾಲು ತಾಳ್ಮೆ.
ಅಷ್ಟೇ. ಅಷ್ಟನ್ನು ಯಾರೂ ಕೊಟ್ಟಿರಲಿಲ್ಲ.

(ಪೇಟೆಂಟಿನ ಅರ್ಜಿಯಲ್ಲಿ ಇದಕ್ಕೆ ನಲವತ್ತು ಪುಟ.
ವಿಲ್ಯಾಮಿಯ ಹೆಸರು ಬರೆಯಲು ಅದರಲ್ಲಿ
ಅವಳಿಗೆ ಜಾಗ ಸಿಗಲಿಲ್ಲ. ಹುಡುಕಿದ್ದಳು.)

ಮಾರ್ಚ್ ಕೊನೆ. ನದಿಯ ಅಂಚಿನ ಮಂಜು ಬಿರಿಯುವ ಸದ್ದು.
ಮತ್ತೆ ಕೇಳಿದಳು.
ಗೋಡೆ ಅರಚಿತು. ಏಣಿ ಅರಚಿತು.
ಅವಳ ಪೆಟ್ಟಿಗೆ ಕಿವಿ ಮುಚ್ಚಿಕೊಂಡು ನಿಂತು,
ಆಮೇಲೆ ತೆರೆಯಿತು.
ತೆಳ್ಳಗೆ, ಹಿಟ್ಟಿನ ಜರಡಿಯಿಂದ ಉದುರಿದಷ್ಟು,
ಬಂತು: ನೂರಾ ನಾಲ್ಕು.

ವಿಲ್ಯಾಮಿ ಅಂಕಿ ನೋಡಿದ. ಉರುಳೆ ನೋಡಿದ.
ಮೂಗನ್ನು ಸ್ವಲ್ಪ ಮುಂದೆ ಚಾಚಿದ.

ಸರಿ ಇದೆಯಾ? ಎಂದಳು ಐನಿ.
ಕೈಚೀಲ ನೆಲದ ಮೇಲಿತ್ತು.
ಮುಟ್ಟದೆ
ಕಾದಳು.