ಒಂಟಿ ಚಪ್ಪಲಿ

ಮೂರು ವರ್ಷ, ಅಂದ್ರು ಜಡ್ಜ್ ಸಾಹೇಬ್ರು.
ಬ್ರೇಕು, ಲೈಸೆನ್ಸು, ಲಾರಿಯೊಳಗಿನ ಶಹಾಬಾದಿ ಕಲ್ಲಿನ ತೂಕ,
ಎಲ್ಲಾ ಕೇಳಿದ್ರು ನಿನ್ನ.
ನನಗ ಬೇಕಾದದ್ದು ಯಾರೂ ಕೇಳಲಿಲ್ಲ.

ಅದಕ್ಕ ಬಂದೀನಿ, ಮಲ್ಕಪ್ಪಾ,
ವಾಡಿಯಿಂದ ಪ್ಯಾಸೆಂಜರ್ ಗಾಡಿ ಹಿಡದು
ಕಲಬುರಗಿ ಜೇಲಿಗೆ.
ಶಾಪ ಹಾಕಲಿಕ್ಕಲ್ಲ;
ಹಾಕಿ ಹಾಕಿ ನಾಲಿಗಿ ಸವದದ.

ತಲಿ ಎತ್ತು.
ನೀ ಓಡಿ ಹೋಗಲಿಲ್ಲಂತ,
ತೊಡಿ ಮ್ಯಾಲ ಮಲಗಿಸ್ಕೊಂಡಿದ್ದಿಯಂತ.
ಕಡೀಕ ಏನಂದ ನನ್ನ ಮಗ?

ಜಾಲರಿಯ ಆಚೆ ಭಾಳ ಹೊತ್ತು ಏನಿಲ್ಲ.
ಆಮೇಲೆ:
"ಇನ್ನೊಂದು ಚಪ್ಪಲಿ ಎಲ್ಲಿ, ಅವ್ವ ಬೈತಾಳ."

ಕೋರ್ಟಿನ ಬೀರುದಾಗ ಅದ ಅದು,
ನಂಬರಿನ ಚೀಟಿ ಕಟ್ಟಿಸ್ಕೊಂಡು.

ಬೈಯಂಗಿಲ್ಲ, ಅಂದೆ
ಜಾಲರಿಗೆ ಬಾಯಿ ಹಚ್ಚಿ.
ಅವನಿಗಂದೆನೋ, ಅಳ್ತಿದ್ದ ನಿನಗೋ,
ತಿಳಿಯೋದ್ರಾಗ ಬೆಲ್ ಹೊಡೀತು.